ಕಾಲಿಂಗ್ ಬೆಲ್‌ನ ಎರಡು ವೈರ್ ಮತ್ತು ಒಂದು ಕ್ಯಾಮೆರಾ

ಬಾಗಿಲಲ್ಲಿ ಯಾರಿದ್ದಾರೆ ಅಂತ ಫೋನ್‌ನಲ್ಲೇ ನೋಡೋದು ಈಗ ದೊಡ್ಡ ವಿಷಯವೇನಲ್ಲ. ಆದರೆ ಆ ವಿಡಿಯೋ ಡೋರ್‌ಬೆಲ್‌ನ ಹಿಂದಿರೋ ಎರಡು ವೈರ್‌ಗಳ ಕಥೆ ನನಗೆ ಅದಕ್ಕಿಂತ ಇಷ್ಟ.

1831ರಲ್ಲಿ ಅಮೆರಿಕದ ಆಲ್ಬನಿಯಲ್ಲಿ ಜೋಸೆಫ್ ಹೆನ್ರಿ ಎಂಬ ಮೇಷ್ಟ್ರು ಒಂದು ಮೈಲಿಗಿಂತ ಉದ್ದದ ತಂತಿಯ ಆಚೆ ತುದಿಯಲ್ಲಿದ್ದ ಗಂಟೆಯನ್ನು ವಿದ್ಯುತ್ತಿನಿಂದ ಬಾರಿಸಿದರು. ಮುಂದೆ ಇಂಥ ಗಂಟೆ ಬ್ಯಾಟರಿ ಸಮೇತ ಮನೆಗಳಿಗೆ ಬಂತು. ಮನೆಗೆ ಕರೆಂಟ್ ಬಂದ ಮೇಲೆ ಬ್ಯಾಟರಿ ಜಾಗದಲ್ಲಿ ಪುಟ್ಟ ಟ್ರಾನ್ಸ್‌ಫಾರ್ಮರ್ ಕೂತಿತು. ಅಲ್ಲಿನ 120 ವೋಲ್ಟನ್ನು ಅದು ಈಗ ಸಾಮಾನ್ಯವಾಗಿ 16ಕ್ಕೆ ಇಳಿಸುತ್ತೆ. ಬಟನ್ ಒತ್ತಿದಾಗ ಮಾತ್ರ ಸರ್ಕ್ಯೂಟ್ ಪೂರ್ತಿ, ಉಳಿದ ಹೊತ್ತು ನಿದ್ದೆ.

ಕ್ಯಾಮೆರಾ ಬಂದದ್ದು ಬೇರೆ ದಾರಿಯಿಂದ. ಮೇರಿ ವ್ಯಾನ್ ಬ್ರಿಟನ್ ಬ್ರೌನ್ ನ್ಯೂಯಾರ್ಕ್‌ನ ಕ್ವೀನ್ಸ್‌ನಲ್ಲಿದ್ದ ನರ್ಸ್. ಡ್ಯೂಟಿಗೆ ಹೊತ್ತು ಗೊತ್ತು ಇಲ್ಲ, ಗಂಡ ಆಲ್ಬರ್ಟ್‌ದೂ ಅದೇ ಪಾಡು. ಎಷ್ಟೋ ರಾತ್ರಿ ಮನೆಯಲ್ಲಿ ಒಬ್ಬರೇ. ಸುತ್ತ ಅಪರಾಧ ಜಾಸ್ತಿ, ಕರೆದರೆ ಪೊಲೀಸರು ಬರೋದು ತಡ. ಬಡಿದವರು ಯಾರು ಅಂತ ತಿಳಿಯೋಕೆ ಬಾಗಿಲ ಹತ್ತಿರವೇ ಹೋಗಬೇಕು. ಹೋಗೋದೇ ಬೇಡ ಅಂತ ಇಬ್ಬರೂ ಸೇರಿ 1966ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದರು. ಬಾಗಿಲಲ್ಲಿ ಒಂದರ ಕೆಳಗೊಂದು ಇಣುಕುಗಂಡಿ, ಹಿಂದೆ ಮೇಲೆ ಕೆಳಗೆ ಜಾರುವ ಕ್ಯಾಮೆರಾ, ಒಳಗೆ ಟಿವಿ, ಹೊರಗಿನವರ ಜೊತೆ ಮಾತಾಡೋಕೆ ಮೈಕು, ಅಪಾಯ ಅನ್ನಿಸಿದರೆ ಒತ್ತೋಕೆ ಒಂದು ಸ್ವಿಚ್. 1969ರ ಡಿಸೆಂಬರ್‌ನಲ್ಲಿ ಪೇಟೆಂಟ್ ಸಿಕ್ಕಿತು. ಇದನ್ನು ಬರೀ ಗ್ಯಾಜೆಟ್ ಅನ್ನೋಕೆ ನನಗಂತೂ ಮನಸ್ಸಿಲ್ಲ.

ಅಷ್ಟೆಲ್ಲ ಸಾಮಾನು ಕುಗ್ಗಿ ಬಟನ್ ಜಾಗಕ್ಕೇ ಬಂದದ್ದು 2010ರ ನಂತರ. ತಕರಾರು ಶುರುವಾದದ್ದೂ ಅಲ್ಲೇ. ಹಳೇ ಸರ್ಕ್ಯೂಟಿಗೆ ನಿದ್ದೆ ಅಭ್ಯಾಸ, ಕ್ಯಾಮೆರಾ ಮತ್ತು ವೈಫೈಗೆ ಸದಾ ಕರೆಂಟ್ ಬೇಕು. ಹಾಗಾಗಿ ಯಾರೂ ಬಟನ್ ಒತ್ತದಿದ್ದಾಗಲೂ ಸ್ವಲ್ಪ ಕರೆಂಟ್ ಗಂಟೆಯ ಕಾಯಿಲ್ ಮೂಲಕ ಹರೀಬೇಕು. ಅದು ಜಾಸ್ತಿಯಾದರೆ ಗಂಟೆ ಸುಮ್ಸುಮ್ನೆ ಗುಂಯ್ ಅನ್ನುತ್ತೆ. ಕಮ್ಮಿಯಾದರೆ ಕ್ಯಾಮೆರಾ ಆಫ್. ಅದಕ್ಕೇ ಕೆಲವು ಮಾಡೆಲ್‌ಗಳ ಜೊತೆ ಪುಟ್ಟದೊಂದು ಡಬ್ಬಿ ಕೊಡ್ತಾರೆ. ಗಂಟೆಯ ಎರಡು ಟರ್ಮಿನಲ್‌ಗಳಿಗೆ ಅದನ್ನು ಸಿಕ್ಕಿಸಿದರೆ ಕರೆಂಟ್‌ಗೆ ಬೈಪಾಸ್ ರಸ್ತೆ ರೆಡಿ.

ಈಗ ನಮ್ಮೂರಿನ ಮಾತು, ಸ್ವಲ್ಪ ಗಮನ ಕೊಟ್ಟು ಕೇಳಿ. ನಮ್ಮ ಮನೆಗಳ ಕಾಲಿಂಗ್ ಬೆಲ್‌ಗೆ ಸಾಮಾನ್ಯವಾಗಿ ನೇರ 230 ವೋಲ್ಟ್, ನಡುವೆ ಟ್ರಾನ್ಸ್‌ಫಾರ್ಮರ್ ಇಲ್ಲ. ಅಮೆರಿಕದವರ ವಿಡಿಯೋ ನೋಡಿ, ಸ್ವಿಚ್ ಬಿಚ್ಚಿ, ಅದೇ ವೈರ್‌ಗೆ 16 ವೋಲ್ಟಿನ ಡೋರ್‌ಬೆಲ್ ಸಿಕ್ಕಿಸಿದರೆ ಅದು ಸುಟ್ಟು ಹೋಗುತ್ತೆ. ಮೇನ್ ಆಫ್ ಮಾಡದೆ ಕೈ ಹಾಕಿದರೆ ಜೀವಕ್ಕೇ ಕುತ್ತು. ಎಲೆಕ್ಟ್ರಿಷಿಯನ್‌ನ ಕರೆಸಿ ಟ್ರಾನ್ಸ್‌ಫಾರ್ಮರ್ ಹಾಕಿಸಿ. ಆಮೇಲೆ ಹಳೇ ಡಿಂಗ್-ಡಾಂಗ್ ಬೆಲ್ ಆ 16 ವೋಲ್ಟಿಗೆ ಬಡ್ಕೊಳ್ಳಲ್ಲ, ಒಳಗಿನ ಗಂಟೆಯನ್ನೂ ಬದಲಾಯಿಸಬೇಕಾಗುತ್ತೆ.