ಮಂತ್ರದಂಡದ ಶಕ್ತಿ ಎಲ್ಲಿದೆ?

ಬೀಸಿದರೆ ಅಥವಾ ಮುಟ್ಟಿಸಿದರೆ ಎದುರಿನ ವಸ್ತುವಿನ ರೂಪವನ್ನೋ ಸ್ಥಿತಿಯನ್ನೋ ಬದಲಿಸುವ ಕೋಲಿಗೆ ಕಥೆಗಳಲ್ಲಿ ಮಂತ್ರದಂಡವೆಂದು ಹೆಸರು. ಹೊರನಾಡಿನಲ್ಲಿ ಬೆಳೆಯುವ ನಮ್ಮ ಮಕ್ಕಳು ಅದನ್ನು ಮೊದಲು ಕಾಣುವುದು ಹೆಚ್ಚಾಗಿ ಹ್ಯಾರಿ ಪಾಟರ್ ಪುಸ್ತಕಗಳಲ್ಲಿ. ‘ನಮ್ಮ ಕಥೆಗಳಲ್ಲಿ ಇಂಥದ್ದು ಇಲ್ಲವೇ?’ ಎಂದು ಅವರು ಕೇಳಿದರೆ ಉತ್ತರಿಸುವುದು ಕಷ್ಟವಲ್ಲ. ಆದರೆ ಮೊದಲು ಇನ್ನೊಂದು ಪ್ರಶ್ನೆಯನ್ನು ಬಿಡಿಸಿಕೊಳ್ಳಬೇಕು: ದಂಡದ ಶಕ್ತಿ ನಿಜವಾಗಿ ಇರುವುದೆಲ್ಲಿ?

ವಸ್ತುವಿನಲ್ಲಿ

ಹ್ಯಾರಿ ಪಾಟರ್‌ನ ಲೋಕದಲ್ಲಿ ಶಕ್ತಿಯ ಬಹುಪಾಲು ಕೋಲಿನದೇ. ಅದರ ಮರ ಯಾವುದು, ತಿರುಳಿನಲ್ಲಿರುವುದು ಫೀನಿಕ್ಸ್ ಹಕ್ಕಿಯ ಗರಿಯೋ ಯೂನಿಕಾರ್ನ್ ಕೂದಲೋ ಎಂಬುದು ಮುಖ್ಯ. ಕೋಲೇ ತನ್ನ ಒಡೆಯನನ್ನು ಆರಿಸಿಕೊಳ್ಳುತ್ತದೆ. ಅದು ಮುರಿದರೆ ಮಂತ್ರ ಪ್ರಯೋಗಿಸಿದವನಿಗೇ ತಿರುಗುಬಾಣವಾಗುತ್ತದೆ.

ಕನ್ನಡದ ಜನಪದ ಕಥೆಯಲ್ಲಿ ಈ ಸ್ಥಾನ ಬೇರಿನದು. ಗಿರೀಶ ಕಾರ್ನಾಡರ ‘ನಾಗಮಂಡಲ’ಕ್ಕೆ ಮೂಲವಾದ ಕಥೆಗಳನ್ನು ಅವರಿಗೆ ಹೇಳಿದವರು ಷಿಕಾಗೋ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಎ. ಕೆ. ರಾಮಾನುಜನ್. ಗಂಡನನ್ನು ಒಲಿಸಿಕೊಳ್ಳಲೆಂದು ಬೇರು ಬೆರೆಸಿದ ಸಾರು ರಕ್ತದಂತೆ ಕೆಂಪಾಗುತ್ತದೆ. ಹೆದರಿದ ಹೆಂಡತಿ ಅದನ್ನು ಹುತ್ತಕ್ಕೆ ಸುರಿಯುತ್ತಾಳೆ. ಕುಡಿದ ನಾಗರಹಾವಿಗೆ ಅವಳ ಮೇಲೆ ಮೋಹ ಹುಟ್ಟುತ್ತದೆ. ಬಳಸಿದವಳ ಉದ್ದೇಶವೇನೆಂದು ಬೇರು ಕೇಳುವುದಿಲ್ಲ. ಸೇವಿಸಿದವರ ಮೇಲೆ ತನ್ನ ಕೆಲಸ ಮಾಡುತ್ತದೆ.

ಹಿಡಿದವರಲ್ಲಿ

ವಾಲ್ಮೀಕಿ ರಾಮಾಯಣದ ಬಾಲಕಾಂಡದಲ್ಲಿ ಇದಕ್ಕೆ ವಿರುದ್ಧವಾದ ನಿದರ್ಶನವಿದೆ. ವಿಶ್ವಾಮಿತ್ರನು ಪ್ರಯೋಗಿಸಿದ ಸಕಲ ಅಸ್ತ್ರಗಳನ್ನೂ, ಕಡೆಗೆ ಬ್ರಹ್ಮಾಸ್ತ್ರವನ್ನೂ ವಸಿಷ್ಠನ ಬ್ರಹ್ಮದಂಡ ನುಂಗಿಬಿಡುತ್ತದೆ. ಸೋತ ವಿಶ್ವಾಮಿತ್ರನು ಆ ದಂಡವನ್ನು ಕದಿಯಲು ಹೊರಡಲಿಲ್ಲ, ಅಂಥದ್ದೇ ಇನ್ನೊಂದನ್ನು ಹುಡುಕಲೂ ಇಲ್ಲ, ತಪಸ್ಸಿಗೆ ಕುಳಿತನು. ಬಲವಿರುವುದು ಕೋಲಿನಲ್ಲಲ್ಲ, ಹಿಡಿದವನ ತೇಜಸ್ಸಿನಲ್ಲಿ ಎಂಬುದನ್ನು ಅವನು ಅರಿತಿದ್ದನು.

ನಿಯಮದಲ್ಲಿ

ಮೂರನೆಯ ಬಗೆಯಲ್ಲಿ ದಂಡವೇ ಬೇಕಿಲ್ಲ. ರಾಮಾನುಜನ್ ಕರ್ನಾಟಕದಲ್ಲಿ ಸಂಗ್ರಹಿಸಿದ ಹೂಮರವಾಗುವ ಹುಡುಗಿಯ ಕಥೆ ಇದಕ್ಕೆ ಉತ್ತಮ ಉದಾಹರಣೆ. ಉಗುರು ಸೋಕದಂತೆ ತಂದ ಒಂದು ಬಿಂದಿಗೆ ನೀರನ್ನು ಸುರಿದರೆ ಹುಡುಗಿ ಹೂಬಿಟ್ಟ ಮರವಾಗುತ್ತಾಳೆ. ಎರಡನೆಯದನ್ನು ಸುರಿದರೆ ಮತ್ತೆ ಹುಡುಗಿಯಾಗುತ್ತಾಳೆ. ಹೂ ಕೀಳುವಾಗ ಎಲೆ, ಚಿಗುರು, ರೆಂಬೆಗಳಿಗೆ ಪೆಟ್ಟಾಗಕೂಡದು. ತಾಯಿಯ ಬಡತನ ನೀಗಲು ಅವಳು ಮೊದಲು ಮರವಾದಾಗ ಅಕ್ಕ ಈ ನಿಯಮವನ್ನು ಪಾಲಿಸುತ್ತಾಳೆ. ಮದುವೆಯಾದ ಮೇಲೆ ನಾದಿನಿಯೂ ಅವಳ ಗೆಳತಿಯರೂ ಪಾಲಿಸುವುದಿಲ್ಲ. ರೆಂಬೆಗಳು ಮುರಿಯುತ್ತವೆ, ಹುಡುಗಿ ಕೈಕಾಲುಗಳಿಲ್ಲದೆ ಉಳಿಯುತ್ತಾಳೆ. ಕೊನೆಗೆ ಗಂಡನು ಮುರಿದ ರೆಂಬೆಗಳನ್ನು ಒಂದೊಂದಾಗಿ ಜೋಡಿಸಿ ನೀರೆರೆದಾಗಲೇ ಅವಳು ಮೊದಲಿನಂತಾಗುವುದು. ಇಲ್ಲಿ ಮಾಯೆಯನ್ನು ನಡೆಸುವುದು ಸುತ್ತಲಿನವರ ಎಚ್ಚರ ಮತ್ತು ಅಕ್ಕರೆ. ಕಾರ್ನಾಡರ ‘ಚೆಲುವಿ’ ಚಲನಚಿತ್ರಕ್ಕೂ (1992), ಜಾನ್ ಆಡಮ್ಸ್ ರಚಿಸಿದ ಆಪೆರಾಕ್ಕೂ (2006) ಇದೇ ಕಥೆ ಆಧಾರ.

ನೋಡುವವರಲ್ಲಿ

ರಂಗದ ಜಾದೂಗಾರನ ಕೋಲಿಗೆ ಇಂಥ ಯಾವ ಶಕ್ತಿಯೂ ಇಲ್ಲ. ಅದು ನೋಡುವವರ ಗಮನವನ್ನು ಬೇಕಾದ ಕಡೆಗೆ ಸೆಳೆಯುತ್ತದೆ. ಮುಷ್ಟಿಯಲ್ಲಿ ಅಡಗಿಸಿದ ವಸ್ತುವನ್ನು ಮರೆಮಾಡುತ್ತದೆ. ಕೋಲನ್ನು ತೆಗೆಯುವ ನೆಪದಲ್ಲಿ ಕೈ ಜೇಬಿಗೆ ಹೋಗಲು ಕಾರಣ ಒದಗಿಸುತ್ತದೆ. ಷಿಕಾಗೋ–ಡೆಟ್ರಾಯಿಟ್ ಹೆದ್ದಾರಿಯ ಬದಿಯಲ್ಲಿರುವ ಮಿಷಿಗನ್‌ನ ಮಾರ್ಷಲ್ ಊರಿನಲ್ಲಿ ಈ ಕಲೆಗೆಂದೇ ಒಂದು ವಸ್ತುಸಂಗ್ರಹಾಲಯವಿದೆ.

ಜಗತ್ಪ್ರಸಿದ್ಧ ಜಾದೂಗಾರ ಹ್ಯಾರಿ ಹೂಡಿನಿ ಕೊನೆಯ ಪ್ರದರ್ಶನ ನೀಡಿದ್ದು ಡೆಟ್ರಾಯಿಟ್‌ನ ಗ್ಯಾರಿಕ್ ರಂಗಮಂದಿರದಲ್ಲಿ. ಒಂದು ವಾರದ ಬಳಿಕ, 1926ರ ಅಕ್ಟೋಬರ್ 31ರಂದು, ಆತ ಅದೇ ನಗರದ ಆಸ್ಪತ್ರೆಯಲ್ಲಿ ತೀರಿಕೊಂಡನು. ನ್ಯೂಯಾರ್ಕಿನಲ್ಲಿ ನಡೆದ ಅಂತ್ಯಕ್ರಿಯೆಯಲ್ಲಿ ಸಹಕಲಾವಿದರು ಒಂದು ದಂಡವನ್ನು ಮುರಿದರು. ಜಾದೂಗಾರನಿಲ್ಲದೆ ಅದು ಬರಿಯ ಕಟ್ಟಿಗೆ ಎಂಬುದು ಆ ವಿಧಿಯ ಅರ್ಥ. ಇಂದಿಗೂ ಅದು ನಡೆದುಬಂದಿದೆ.

ಆದ್ದರಿಂದ ಯಾವ ಕಥೆಯಲ್ಲೇ ಆಗಲಿ, ಮುರಿದರೆ ಏನಾಗುತ್ತದೆ ಎಂದು ಕೇಳಿನೋಡಬಹುದು. ಹ್ಯಾರಿಯ ಲೋಕದಲ್ಲಿ ಮಂತ್ರ ಕೆಡುತ್ತದೆ; ಹೂಡಿನಿಗಾಗಿ ಮುರಿದದ್ದು ಬರಿಯ ಕಟ್ಟಿಗೆ; ಹೂಮರದ ಕಥೆಯಲ್ಲಿ ಒಬ್ಬ ಹುಡುಗಿಗೆ ನೋವಾಗುತ್ತದೆ. ಮಕ್ಕಳಿಗೆ ಹೇಳಲು ನಮ್ಮಲ್ಲಿಯೂ ಮಾಯೆಯ ಕಥೆಗಳಿವೆ. ಅವುಗಳಲ್ಲಿ ಅತ್ಯಂತ ಚೆಲುವಾದ ಈ ಕಥೆ ಹೇಳುವುದು ಕೋಲಿನ ಬಲವನ್ನಲ್ಲ, ಹೂ ಕೀಳುವ ಕೈಗೆ ಇರಬೇಕಾದ ಮೃದುತ್ವವನ್ನು.