ಬ್ರೂಕ್‌ಲ್ಯಾಂಡ್ಸ್ ಡಬ್ಬಿಯ ಕತೆ

1907ರ ಜೂನ್ 28ರ ಸಂಜೆ. ಇಂಗ್ಲೆಂಡಿನ ಸರ್ರೆ ಕೌಂಟಿಯ ವೇಬ್ರಿಜ್ ಅನ್ನೋ ಊರು. ಲಂಡನ್ನಿಗೆ ರೈಲಿನಲ್ಲಿ ಹೋಗಿಬರುವಷ್ಟು ಹತ್ತಿರ, ಲಂಡನ್ನಿನ ಗದ್ದಲ ಕೇಳಿಸದಷ್ಟು ದೂರ. ದುಡ್ಡಿದ್ದವರು ನೆಮ್ಮದಿ ಹುಡುಕಿಕೊಂಡು ಬಂದು ಮನೆ ಮಾಡುವಂಥ ಜಾಗ. ಆ ಸಂಜೆ ಸೆಲ್ವಿನ್ ಎಡ್ಜ್ ಎಂಬಾತ ತನ್ನ ನೇಪಿಯರ್ ಕಾರು ಹತ್ತಿ, ಊರಿನ ಪಕ್ಕದಲ್ಲೇ ಹೊಸದಾಗಿ ಎದ್ದಿದ್ದ ಕಾಂಕ್ರೀಟ್ ಟ್ರ್ಯಾಕಿನಲ್ಲಿ ಸುತ್ತು ಹಾಕೋಕೆ ಶುರುಮಾಡಿದ. ಮಾರನೇ ದಿನ ಸಂಜೆಯ ತನಕ ನಿಲ್ಲಿಸಲಿಲ್ಲ. ಅವನ ಜೊತೆ ಇನ್ನೆರಡು ನೇಪಿಯರ್ ಕಾರುಗಳು. ಕತ್ತಲಲ್ಲಿ ದಾರಿ ಕಾಣಲಿ ಅಂತ ಟ್ರ್ಯಾಕಿನುದ್ದಕ್ಕೂ 300ಕ್ಕೂ ಹೆಚ್ಚು ಕೆಂಪು ರೈಲ್ವೆ ಲಾಟೀನುಗಳು. 24 ಗಂಟೆಯಲ್ಲಿ ಎಡ್ಜ್ ಒಬ್ಬನೇ ಓಡಿಸಿದ್ದು 1,581 ಮೈಲಿ. ಸರಾಸರಿ ವೇಗ ಗಂಟೆಗೆ ಸುಮಾರು 66 ಮೈಲಿ, ಅಂದರೆ 106 ಕಿಲೋಮೀಟರ್.

ಮೋಟಾರು ಚರಿತ್ರೆಯ ಪುಸ್ತಕಗಳಲ್ಲಿ ಈ ದಾಖಲೆ ತಪ್ಪದೇ ಬರುತ್ತದೆ. ಆದರೆ ಆ ರಾತ್ರಿಗೆ ಇನ್ನೊಂದು ಪರಿಣಾಮವೂ ಇತ್ತು. ನಿದ್ದೆಗೆಟ್ಟ ಊರಿನವರು ದೂರು ಕೊಟ್ಟರು. ಇನ್ನು ಮುಂದೆ ರಾತ್ರಿ ರೇಸ್ ಇಲ್ಲ ಅಂತಾಯಿತು. ಟ್ರ್ಯಾಕ್ ಉದ್ಘಾಟನೆಯಾಗಿ ಆಗ ಇನ್ನೂ ಎರಡು ವಾರವೂ ಆಗಿರಲಿಲ್ಲ!

ಇದು ಬ್ರೂಕ್‌ಲ್ಯಾಂಡ್ಸ್. ಮೋಟಾರು ಕಾರುಗಳ ರೇಸಿಗೆಂದೇ ಕಟ್ಟಿದ ಜಗತ್ತಿನ ಮೊದಲ ಟ್ರ್ಯಾಕ್ ಅಂತ ಹೆಸರಾದದ್ದು. ಹಾಗೆಯೇ, ಟ್ರ್ಯಾಕಿನವರಿಗೂ ಅಕ್ಕಪಕ್ಕದವರಿಗೂ ನಡೆದ ಜಗಳಗಳ ಚರಿತ್ರೆಯೂ ಇಲ್ಲಿಂದಲೇ ಶುರುವಾಗುತ್ತದೆ ಅನ್ನಬಹುದು.

ಟ್ರ್ಯಾಕ್ ಯಾಕೆ ಬೇಕಾಯ್ತು ಅನ್ನೋದನ್ನು ಮೊದಲು ನೋಡೋಣ. 1903ರ ಮೋಟಾರು ಕಾರು ಕಾಯ್ದೆ ಬ್ರಿಟನ್ನಿನ ರಸ್ತೆಗಳಲ್ಲಿ ಗಂಟೆಗೆ 20 ಮೈಲಿಯ ಮಿತಿ ಹಾಕಿತ್ತು. ಫ್ರಾನ್ಸ್, ಇಟಲಿಗಳಲ್ಲಿ ಊರಿಂದ ಊರಿಗೆ ರಸ್ತೆಯ ಮೇಲೇ ರೇಸ್ ನಡೆಯುತ್ತಿದ್ದಾಗ ಇಂಗ್ಲೆಂಡಿನ ಕಾರು ತಯಾರಕರಿಗೆ ತಮ್ಮ ಗಾಡಿ ಎಷ್ಟು ಓಡುತ್ತೆ ಅಂತ ಪರೀಕ್ಷೆ ಮಾಡೋಕೂ ಜಾಗ ಇರಲಿಲ್ಲ. 1905ರಲ್ಲಿ ಇಟಲಿಯ ಬ್ರೆಷಾದಲ್ಲಿ ರೇಸ್ ನೋಡಿದ ಹ್ಯೂ ಲಾಕ್ ಕಿಂಗ್ ಅನ್ನೋ ಜಮೀನುದಾರನಿಗೆ, ಅಲ್ಲಿ ಒಂದೂ ಬ್ರಿಟಿಷ್ ಕಾರು ಇಲ್ಲವಲ್ಲ ಅಂತ ಬೇಜಾರಾಯಿತು. ವಾಪಸ್ ಬಂದವನೇ ತನ್ನ ಸ್ವಂತ ಜಮೀನಿನಲ್ಲಿ, ಸ್ವಂತ ದುಡ್ಡಿನಲ್ಲಿ ಟ್ರ್ಯಾಕ್ ಕಟ್ಟಿಸಿದ. ಸುತ್ತಳತೆ 2.75 ಮೈಲಿ, ಅಗಲ 100 ಅಡಿ, ತಿರುವುಗಳಲ್ಲಿ ಸುಮಾರು 29 ಅಡಿ ಎತ್ತರಕ್ಕೆ ಏರುವ ಕಾಂಕ್ರೀಟಿನ ಇಳಿಜಾರು ಗೋಡೆ. ಖರ್ಚು ಆ ಕಾಲಕ್ಕೇ ಸುಮಾರು 1,50,000 ಪೌಂಡು. ಮನುಷ್ಯ ದಿವಾಳಿ ಅಂಚಿಗೆ ಬಂದ. ಹೆಂಡತಿ ಎಥೆಲ್ ಹಣಕಾಸಿನ ಉಸ್ತುವಾರಿ ವಹಿಸಿಕೊಂಡು ಉಳಿಸಿದಳು.

ಇಂಥ ಟ್ರ್ಯಾಕಿನಲ್ಲಿ ಕಾರು ರೇಸು ಹೇಗೆ ನಡೆಸಬೇಕು ಅನ್ನೋದಕ್ಕೆ ಆಗ ಇಂಗ್ಲೆಂಡಿನಲ್ಲಿ ಮಾದರಿ ಇರಲಿಲ್ಲ. ಹಾಗಾಗಿ ಕುದುರೆ ರೇಸಿನ ಸಂಪ್ರದಾಯಗಳನ್ನೇ ಎತ್ತಿಕೊಂಡು ಬಂದರು. ಪ್ಯಾಡಾಕ್ ಇತ್ತು, ಬೆಟ್ಟಿಂಗ್ ಇತ್ತು. ಕಾರುಗಳಿಗೆ ನಂಬರ್ ಹಾಕುವ ಬದಲು ಡ್ರೈವರುಗಳಿಗೆ ಜಾಕಿಗಳ ಹಾಗೆ ಬಣ್ಣಬಣ್ಣದ ಅಂಗಿ ತೊಡಿಸುತ್ತಿದ್ದರು! ಎಲ್ಲವನ್ನೂ ಕುದುರೆ ರೇಸಿನಿಂದ ತಂದರು ಸರಿ, ಆದರೆ ಒಂದು ವ್ಯತ್ಯಾಸ ಲೆಕ್ಕಕ್ಕೆ ಬರಲಿಲ್ಲ. ಕುದುರೆಯ ಸದ್ದು ಬೇಲಿ ದಾಟಿ ಬಹಳ ದೂರ ಹೋಗೋದಿಲ್ಲ. ಎಂಜಿನ್ನಿನ ಸದ್ದು ಹೋಗುತ್ತೆ. ಅದೂ ರೇಸಿನ ದಿನ ಮಾತ್ರ ಅಲ್ಲ. ಕಾರು ಕಂಪನಿಗಳು ಪರೀಕ್ಷೆಗೆ ಅಂತ ವಾರದ ಉಳಿದ ದಿನಗಳಲ್ಲೂ ಇದೇ ಟ್ರ್ಯಾಕಿಗೆ ಬರುತ್ತಿದ್ದವು.

ಮೊದಲ ಮಹಾಯುದ್ಧ ಮುಗಿದ ಮೇಲೆ ಕಾರುಗಳು ಇನ್ನೂ ದೊಡ್ಡವಾದವು. ವಿಮಾನದ ಎಂಜಿನ್ನನ್ನೇ ಕಾರಿನ ಚೌಕಟ್ಟಿಗೆ ಕೂರಿಸಿ ಓಡಿಸುವ ಹುಚ್ಚೂ ಶುರುವಾಯ್ತು. ಈ ನಡುವೆ ಟ್ರ್ಯಾಕಿನ ನೆರೆಯ ಸೇಂಟ್ ಜಾರ್ಜ್ಸ್ ಹಿಲ್ ಎಂಬಲ್ಲಿ 1911ರ ನಂತರ ಸಿರಿವಂತರ ಬಡಾವಣೆಯೊಂದು ತಲೆಯೆತ್ತಿತ್ತು. ಕೊನೆಗೆ 1924ರಲ್ಲಿ ಸ್ಥಳೀಯರು ಕೋರ್ಟು ಮೆಟ್ಟಿಲು ಹತ್ತಿದರು.

ಇಲ್ಲೊಂದು ಸಣ್ಣ ಸಂಗತಿ ಗಮನಿಸಿ. 1924ರಲ್ಲಿ ಡೆಸಿಬೆಲ್ ಅನ್ನೋ ಪದವೇ ಹುಟ್ಟಿರಲಿಲ್ಲ. ಅಮೆರಿಕದ ಟೆಲಿಫೋನ್ ಎಂಜಿನಿಯರುಗಳು ಆ ಹೆಸರನ್ನು ಬಳಕೆಗೆ ತಂದದ್ದು 1920ರ ದಶಕದ ಕೊನೆಗೆ. ಇವತ್ತು ನಮ್ಮ ಕೈಯಲ್ಲಿ ಮೊಬೈಲ್ ಆ್ಯಪ್ ಇದೆ, ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಅಂತ 2000ನೇ ಇಸವಿಯ ಕೇಂದ್ರದ ನಿಯಮ ಇದೆ. ವೇಬ್ರಿಜ್‌ನವರ ಹತ್ತಿರ ಅಂಥದ್ದೇನೂ ಇರಲಿಲ್ಲ. ‘ನಮಗೆ ತೊಂದರೆ ಆಗ್ತಿದೆ’ ಅಂತ ಹೇಳಬೇಕಿತ್ತು, ಕೇಳಿಸಿಕೊಳ್ಳುವವರು ನಂಬಬೇಕಿತ್ತು. ಅಷ್ಟೇ.

ಆ ಜಗಳದಿಂದ ಹೊರಬಂದದ್ದು ಒಂದು ಡಬ್ಬಿ. ಬ್ರೂಕ್‌ಲ್ಯಾಂಡ್ಸ್‌ನಲ್ಲಿ ಓಡುವ ಗಾಡಿಗಳಿಗೆ ಸೈಲೆನ್ಸರ್ ಕಡ್ಡಾಯವಾಯಿತು. ದಪ್ಪನೆಯ ಲೋಹದ ಡಬ್ಬಿ, ಅದರ ಬಾಲದಲ್ಲಿ ಮೀನಿನ ಬಾಲದಂತೆ ಚಪ್ಪಟೆಯಾಗಿ ಅಗಲವಾದ ಕೊಳವೆ. ಎಂಜಿನ್ನಿನಿಂದ ಸಿಡಿದು ಬರುವ ಬಿಸಿ ಹೊಗೆ ಡಬ್ಬಿಯೊಳಗೆ ಹರಡಿಕೊಂಡು, ರಭಸ ಕಳೆದುಕೊಂಡು, ಆಮೇಲೆ ಹೊರಗೆ ಬರುತ್ತೆ. ಸದ್ದು ಕಮ್ಮಿಯಾಗುತ್ತೆ. ಇದಕ್ಕೆ ‘ಬ್ರೂಕ್‌ಲ್ಯಾಂಡ್ಸ್ ಕ್ಯಾನ್’ ಅಂತಲೇ ಹೆಸರು ಬಿತ್ತು. ಹೊಗೆ ಸಲೀಸಾಗಿ ಹೋಗದಿದ್ದರೆ ಎಂಜಿನ್ನಿನ ಶಕ್ತಿ ಕುಗ್ಗುತ್ತೆ ಅನ್ನೋದು ನಿಜ. ಹಾಗಂತ ರೇಸು ಸತ್ತು ಹೋಯಿತಾ? ಇಲ್ಲ. ಬ್ರೂಕ್‌ಲ್ಯಾಂಡ್ಸ್ ಟ್ರ್ಯಾಕಿನ ಅತಿ ವೇಗದ ಸುತ್ತು ದಾಖಲಾದದ್ದು 1935ರಲ್ಲಿ. ಜಾನ್ ಕಾಬ್ ತನ್ನ ನೇಪಿಯರ್-ರೇಲ್ಟನ್ ಕಾರಿನಲ್ಲಿ ಗಂಟೆಗೆ 143.44 ಮೈಲಿ ಮುಟ್ಟಿದ. ಸೈಲೆನ್ಸರ್ ಕಡ್ಡಾಯವಾಗಿ ಹತ್ತು ವರ್ಷ ಕಳೆದ ಮೇಲೆ. ಆ ದಾಖಲೆಯನ್ನು ಆಮೇಲೆ ಯಾರೂ ಮುರಿಯಲೇ ಇಲ್ಲ.

ರಾತ್ರಿ ನಿಷೇಧದ್ದೂ ಇದೇ ಕತೆ. ಫ್ರಾನ್ಸಿನ ಲೆ ಮಾನ್ಸ್‌ನಲ್ಲಿ 1923ರಿಂದ 24 ಗಂಟೆಯ ರೇಸ್ ಶುರುವಾಯಿತು. ನಮಗೂ ಬೇಕು ಅಂತ ಇಂಗ್ಲೆಂಡಿನವರಿಗೂ ಆಸೆ. ರಾತ್ರಿ ಓಡಿಸುವ ಹಾಗಿಲ್ಲ. ಅದಕ್ಕೊಂದು ಉಪಾಯ ಹುಡುಕಿದರು. 1929ರಿಂದ 1931ರವರೆಗೆ ‘ಡಬಲ್ ಟ್ವೆಲ್ವ್’ ಅಂತ ರೇಸ್ ನಡೆಯಿತು. ಶುಕ್ರವಾರ ಹಗಲು 12 ಗಂಟೆ, ಶನಿವಾರ ಹಗಲು 12 ಗಂಟೆ. ನಡುವಿನ ರಾತ್ರಿ ಕಾರುಗಳಿಗೆ ಬೀಗ, ಊರಿಗೆ ನಿದ್ದೆ.

ಈ ಕತೆ ಹೇಳಿದಾಗೆಲ್ಲ ಒಂದು ಪ್ರಶ್ನೆ ಬಂದೇ ಬರುತ್ತೆ. ‘ಟ್ರ್ಯಾಕ್ ಇದೆ ಅಂತ ಗೊತ್ತಿದ್ದೂ ಪಕ್ಕದಲ್ಲಿ ಮನೆ ಮಾಡಿ ಆಮೇಲೆ ಸದ್ದು ಅಂದ್ರೆ ಹೇಗೆ ಸ್ವಾಮಿ? ಮೊದಲು ಬಂದವರು ಯಾರು?’ ನಮ್ಮ ಅಪಾರ್ಟ್‌ಮೆಂಟುಗಳ ವಾಟ್ಸಾಪ್ ಗುಂಪುಗಳಲ್ಲಿ ಪಬ್ಬು, ಕಲ್ಯಾಣ ಮಂಟಪ, ವರ್ಕ್‌ಶಾಪುಗಳ ವಿಷಯ ಬಂದಾಗ ಈ ವಾದವನ್ನು ನೀವೂ ಓದಿರುತ್ತೀರಿ. ಕೇಳೋಕೆ ನ್ಯಾಯವಾಗಿಯೇ ಕಾಣುತ್ತೆ. ಆದರೆ ಇಂಗ್ಲೆಂಡಿನ ಕಾನೂನು ಈ ವಾದವನ್ನು ತಳ್ಳಿಹಾಕಿ ಶತಮಾನವೇ ದಾಟಿದೆ. 1879ರಲ್ಲಿ ಲಂಡನ್ನಿನ ಒಬ್ಬ ಮಿಠಾಯಿ ತಯಾರಕನ ಮೇಲೆ ಪಕ್ಕದ ಮನೆಯ ಡಾಕ್ಟರು ಹೂಡಿದ್ದ ಕೇಸು ತೀರ್ಮಾನವಾಯಿತು. ಮಿಠಾಯಿಯವನ ಅಡುಗೆಮನೆಯಲ್ಲಿ ಒರಳಿನಲ್ಲಿ ಕುಟ್ಟುವ ಸದ್ದು 20 ವರ್ಷಕ್ಕೂ ಹಿಂದಿನಿಂದ ಇತ್ತು. ಡಾಕ್ಟರು ತನ್ನ ತೋಟದ ತುದಿಯಲ್ಲಿ, ಅದೇ ಗೋಡೆಗೆ ತಾಗಿ ರೋಗಿಗಳನ್ನು ನೋಡುವ ಕೋಣೆ ಕಟ್ಟಿಸಿದ್ದು ಆಮೇಲೆ. ಗೆದ್ದದ್ದು ಡಾಕ್ಟರೇ.

ರೇಸ್ ಟ್ರ್ಯಾಕಿನ ವಿಷಯದಲ್ಲಿ ಇದೇ ಪ್ರಶ್ನೆ ಬ್ರಿಟನ್ನಿನ ಸುಪ್ರೀಂ ಕೋರ್ಟಿನ ತನಕ ಹೋಗಿ 2014ರಲ್ಲಿ ತೀರ್ಮಾನವಾಯಿತು. ಪೂರ್ವ ಇಂಗ್ಲೆಂಡಿನ ಬಯಲಿನಲ್ಲಿ 1970ರ ದಶಕದ ಒಂದು ಸ್ಪೀಡ್‌ವೇ ಸ್ಟೇಡಿಯಂ. ಅದರ ಹಿಂದೆ 1990ರ ದಶಕದಲ್ಲಿ ಶುರುವಾದ ಮೋಟೊಕ್ರಾಸ್ ಟ್ರ್ಯಾಕು. ಸ್ಟೇಡಿಯಂನಿಂದ ಅರ್ಧ ಕಿಲೋಮೀಟರಿಗಿಂತ ಸ್ವಲ್ಪ ದೂರದ ಒಂಟಿ ಮನೆಯೊಂದನ್ನು 2006ರಲ್ಲಿ ಇಬ್ಬರು ಕೊಂಡು, ಸದ್ದು ತಾಳಲಾರದೆ ಕೇಸು ಹಾಕಿದರು. ಗೊತ್ತಿದ್ದೇ ಬಂದಿರಲ್ಲ ಅನ್ನುವುದು ಸಮರ್ಥನೆ ಆಗೋದಿಲ್ಲ ಎಂದಿತು ಕೋರ್ಟು. ಕಾರಣ ಸರಳ. ಮನುಷ್ಯರು ಹೊಸಬರಿರಬಹುದು, ಆದರೆ ಮನೆ ಸ್ಟೇಡಿಯಂಗಿಂತ ಹಳೆಯದು. ನೆಮ್ಮದಿಯಾಗಿ ಬದುಕುವ ಹಕ್ಕು ಆ ಜಾಗಕ್ಕೆ ಅಂಟಿಕೊಂಡೇ ಇರುತ್ತೆ, ಮಾರಿದ ಕೂಡಲೇ ಕಳಚಿ ಬೀಳೋದಿಲ್ಲ.

ಹಾಗಂತ ಕಾನೂನು ಪೂರ್ತಿ ದೂರುದಾರರ ಪರ ಅಂದುಕೊಳ್ಳಬೇಡಿ. ಸದ್ದು ಮಾಡುತ್ತಾ 20 ವರ್ಷ ಯಾರೂ ತಡೆಯದಿದ್ದರೆ, ಅದನ್ನು ಮುಂದುವರಿಸುವ ಹಕ್ಕು ಹುಟ್ಟಬಹುದು ಅಂತಲೂ ಅದೇ ತೀರ್ಪು ಹೇಳಿತು. ನಮ್ಮಲ್ಲೂ ಇದರ ಬೇರು ಇದೆ. ಬ್ರಿಟಿಷರು ತಂದ 1882ರ ಭಾರತೀಯ ಈಸ್‌ಮೆಂಟ್ಸ್ ಕಾಯ್ದೆ ಮೊದಲು ಜಾರಿಯಾದ ಮೂರು ಪ್ರಾಂತ್ಯಗಳಲ್ಲಿ ಕೊಡಗೂ ಒಂದು. ಬಹಳ ವರ್ಷಗಳ ರೂಢಿಯಿಂದ ಗಾಳಿ-ನೀರನ್ನು ಕೆಡಿಸುವ ಹಕ್ಕು ಸಿಗುವ ಸಾಧ್ಯತೆಯನ್ನು ಆ ಕಾಯ್ದೆ ಒಪ್ಪುತ್ತೆ! ಆದರೆ ಜೊತೆಗೆ ಒಂದು ಲಗಾಮೂ ಹಾಕುತ್ತೆ: ರೂಢಿ ಶುರುವಾದಾಗ ಎಷ್ಟು ಕೆಡಿಸುತ್ತಿದ್ದೆಯೋ ಅಷ್ಟೇ, ಅದಕ್ಕಿಂತ ಜಾಸ್ತಿ ಇಲ್ಲ. ಸುಮ್ಮನಿರುವುದಕ್ಕೂ ಕಾನೂನಿನಲ್ಲಿ ಒಂದು ಬೆಲೆ ಇದೆ ಅನ್ನೋದು ಇದರ ಅರ್ಥ. ತಡವಾಗಿ ಕೊಟ್ಟ ದೂರು ಕೆಲವೊಮ್ಮೆ ದೂರೇ ಅಲ್ಲ.

ದೂರು ಕೊಡೋದಕ್ಕೂ ಬೆಲೆ ಇದೆ, ಅದನ್ನೂ ಹೇಳಿಬಿಡಬೇಕು. ಆ ಒಂಟಿ ಮನೆಯವರ ಕೇಸಿನಲ್ಲಿ ಹೈಕೋರ್ಟು ಕೊಡಿಸಿದ ಪರಿಹಾರ 20,750 ಪೌಂಡು. ಅವರ ಕಡೆಯ ಕೋರ್ಟು ಖರ್ಚು, ಅದೂ ಹೈಕೋರ್ಟು ಹಂತದ್ದಷ್ಟೇ, ವಕೀಲರ ಗೆಲುವಿನ ಶುಲ್ಕ, ವಿಮೆ ಎಲ್ಲ ಸೇರಿ 10 ಲಕ್ಷ ಪೌಂಡು ದಾಟಿತ್ತು. ಆ ಮನೆಯ ಬೆಲೆ ಅದರ ಮೂರನೇ ಒಂದು ಪಾಲೂ ಇರಲಿಲ್ಲ. ಕೇಸು ನಡೆಯುತ್ತಿದ್ದಾಗಲೇ ಮನೆಗೆ ಬೆಂಕಿ ಬಿದ್ದು ವಾಸಕ್ಕೆ ಬಾರದಂತಾಗಿತ್ತು. ವೇಬ್ರಿಜ್‌ನವರು ಗೆದ್ದದ್ದರ ಹಿಂದೆ ವಕೀಲರನ್ನಿಡುವ ತಾಕತ್ತೂ ಇತ್ತು ಅನ್ನೋದು ಮರೆಯಬಾರದು.

ಇನ್ನು ಗಾಳಿಯ ಮಾತು. ಸದ್ದು ಕೇಳಿಸುತ್ತೆ, ಹಾಗಾಗಿ ಜನ ದೂರುತ್ತಾರೆ. ಕೇಳಿಸದೇ ಇರೋದರ ಬಗ್ಗೆ ದೂರೋರು ಯಾರು? ಅಮೆರಿಕದಲ್ಲಿ ರಸ್ತೆ ವಾಹನಗಳಿಗೆ ಸೀಸ ಬೆರೆಸಿದ ಪೆಟ್ರೋಲು 1996ರಲ್ಲಿ ಪೂರ್ತಿ ನಿಂತಿತು. ಭಾರತದಲ್ಲಿ 2000ದಲ್ಲಿ. ಆದರೆ ಅಮೆರಿಕದ ಕಾನೂನು ರೇಸ್ ಕಾರುಗಳಿಗೆ ವಿನಾಯಿತಿ ಕೊಟ್ಟಿತ್ತು. ಅಲ್ಲಿನ ಅತಿ ಜನಪ್ರಿಯ ರೇಸು ನಾಸ್ಕಾರ್‌ನಲ್ಲಿ 2007ರವರೆಗೂ ಸೀಸದ ಪೆಟ್ರೋಲೇ. ಅದು ನಿಂತ ಮೇಲೆ ಅರ್ಥಶಾಸ್ತ್ರಜ್ಞರು ಟ್ರ್ಯಾಕುಗಳಿರುವ ಕೌಂಟಿಗಳ ಹಿಂದಿನ ಮುಂದಿನ ಅಂಕಿಅಂಶ ಹೋಲಿಸಿ ನೋಡಿದರು. ಅಲ್ಲಿನ ಮಕ್ಕಳ ರಕ್ತದಲ್ಲಿ ಸೀಸದ ಪ್ರಮಾಣ ಇಳಿದಿತ್ತು, ವಯಸ್ಸಾದವರ ಸಾವಿನ ಪ್ರಮಾಣವೂ ಇಳಿದಿತ್ತು. ಅಷ್ಟು ವರ್ಷ ಆ ಟ್ರ್ಯಾಕುಗಳ ಪಕ್ಕದಲ್ಲಿದ್ದವರು ಸದ್ದಿನ ಬಗ್ಗೆ ಗೊಣಗಿರಬಹುದು. ನಿಜವಾದ ನಷ್ಟ ಸದ್ದಿಲ್ಲದೆ ಆಗುತ್ತಿತ್ತು.

ಬ್ರೂಕ್‌ಲ್ಯಾಂಡ್ಸ್ ಏನಾಯಿತು? ದೂರುಗಳಿಂದ ಅದು ಮುಚ್ಚಲಿಲ್ಲ. 1939ರ ಆಗಸ್ಟಿನಲ್ಲಿ ಕೊನೆಯ ರೇಸ್ ನಡೆಯಿತು, ಮರು ತಿಂಗಳೇ ಯುದ್ಧ ಬಂತು. ಟ್ರ್ಯಾಕಿನೊಳಗಿನ ವಿಮಾನ ಕಾರ್ಖಾನೆಗಳು ಹಗಲೂ ರಾತ್ರಿ ದುಡಿದವು. 1940ರ ಸೆಪ್ಟೆಂಬರಿನಲ್ಲಿ ಜರ್ಮನ್ ಬಾಂಬಿಗೆ ಅಲ್ಲಿ ಎಂಬತ್ತಕ್ಕೂ ಹೆಚ್ಚು ಜನ ಸತ್ತರು. 1946ರಲ್ಲಿ ಇಡೀ ಜಾಗ ವಿಮಾನ ತಯಾರಿಸುವ ವಿಕರ್ಸ್ ಕಂಪನಿಗೆ ಮಾರಾಟವಾಯಿತು. ಈಗ ಅಲ್ಲೊಂದು ಮ್ಯೂಸಿಯಂ ಇದೆ, ಕಾಬ್‌ನ ನೇಪಿಯರ್-ರೇಲ್ಟನ್ ಕಾರೂ ಅಲ್ಲೇ ಇದೆ.

ಪಕ್ಕದವರ ದೂರು ಅಂದರೆ ಸಣ್ಣತನ, ಪ್ರಗತಿಗೆ ಅಡ್ಡಗಾಲು ಅಂತ ಅಂದುಕೊಳ್ಳುವುದು ಸುಲಭ. ಬ್ರೂಕ್‌ಲ್ಯಾಂಡ್ಸ್‌ನ ಚರಿತ್ರೆ ಹಾಗೆ ಹೇಳೋದಿಲ್ಲ. ಅಲ್ಲಿ 32 ವರ್ಷ ರೇಸೂ ನಡೆಯಿತು, ಊರೂ ಉಳಿಯಿತು. ಎರಡೂ ಸಾಧ್ಯವಾದದ್ದು ಮೊದಲು ಬಂದವರು ಯಾರು ಅನ್ನೋದು ತೀರ್ಮಾನವಾದ್ದರಿಂದ ಅಲ್ಲ. ಎಷ್ಟು ಹೊತ್ತಿನವರೆಗೆ ಓಡಿಸಬಹುದು, ಕೊಳವೆಗೆ ಏನು ಕಟ್ಟಬೇಕು, ಅದರ ಖರ್ಚು ಯಾರದ್ದು ಅನ್ನೋದು ತೀರ್ಮಾನವಾದ್ದರಿಂದ. ಮುಂದಿನ ಸಲ ನಿಮ್ಮ ಬೀದಿಯಲ್ಲಿ ಸೈಲೆನ್ಸರ್ ಬಿಚ್ಚಿದ ಬುಲೆಟ್ಟೊಂದು ಮಧ್ಯರಾತ್ರಿ ಗುಡುಗಿಕೊಂಡು ಹೋದರೆ ನೆನಪಿಡಿ. ಅವನು ಬಿಚ್ಚಿ ಎಸೆದ ಆ ಡಬ್ಬಿಯನ್ನು ರೇಸ್ ಕಾರುಗಳಿಗೇ ಕಟ್ಟಿಸಲು ಹಿಂದೆ ಒಂದು ಊರು ಕೋರ್ಟಿಗೆ ಹೋಗಿತ್ತು.