ಈಜುಕೊಳದ ಗಡಿಯಾರ ಎಷ್ಟು ನಿಖರವಾಗಿರಬೇಕು?

1960ರ ರೋಮ್ ಒಲಿಂಪಿಕ್ಸ್‌ನ ಪುರುಷರ 100 ಮೀಟರ್ ಫ್ರೀಸ್ಟೈಲ್ ಈಜು. ಮೂರು ಸ್ಟಾಪ್‌ವಾಚುಗಳು ಅಮೆರಿಕದ ಲ್ಯಾನ್ಸ್ ಲಾರ್ಸನ್‌ಗೆ 55.0, 55.1, 55.1 ಸೆಕೆಂಡು ತೋರಿಸಿದವು. ಆಸ್ಟ್ರೇಲಿಯದ ಜಾನ್ ಡೆವಿಟ್‌ಗೆ ಮೂರೂ 55.2. ಆದರೂ ಚಿನ್ನ ಸಿಕ್ಕಿದ್ದು ಡೆವಿಟ್‌ಗೆ! ಅಂದು ನಿರ್ಣಯ ಗಡಿಯಾರದ್ದಲ್ಲ, ತೀರ್ಪುಗಾರರ ಕಣ್ಣಿನದು.

1968ರ ಮೆಕ್ಸಿಕೊ ಒಲಿಂಪಿಕ್ಸ್‌ನಲ್ಲಿ ಲೇನಿನ ಕೊನೆಗೆ ಸ್ಪರ್ಶಫಲಕ ಬಂದಿತು. ಆರಂಭದ ಸಂಕೇತವೇ ವಿದ್ಯುನ್ಮಾನ ಗಡಿಯಾರವನ್ನು ಚಾಲೂ ಮಾಡುತ್ತದೆ. ಈಜುಗಾರನ ಕೈ ಒತ್ತಿದೊಡನೆ ಫಲಕದ ಸ್ವಿಚ್ಚು ಕಾಲವನ್ನು ದಾಖಲಿಸುತ್ತದೆ. ಅಲೆಗಳ ಬಡಿತಕ್ಕೆ ಅದು ಸ್ಪಂದಿಸದಂತೆ ರಚಿಸಲಾಗಿದೆ.

1972ರಲ್ಲಿ ಮ್ಯೂನಿಕ್‌ನ 400 ಮೀಟರ್ ವೈಯಕ್ತಿಕ ಮೆಡ್ಲೆಯಲ್ಲಿ ಸ್ವೀಡನ್ನಿನ ಗುನ್ನಾರ್ ಲಾರ್ಸನ್ (ಹೆಸರಷ್ಟೇ ಸಮಾನ) ಅಮೆರಿಕದ ಟಿಮ್ ಮೆಕ್ಕೀ ಅವರನ್ನು ಕೇವಲ 0.002 ಸೆಕೆಂಡಿನಿಂದ ಹಿಂದಿಕ್ಕಿದರು. ನೀವೇ ಲೆಕ್ಕ ಹಾಕಿ: ಸರಾಸರಿ ವೇಗ ಸೆಕೆಂಡಿಗೆ ಸುಮಾರು 1.5 ಮೀಟರ್. ಅಂದರೆ ಅಂತರ 3 ಮಿಲಿಮೀಟರ್! ಕೊಳದ ಲೇನುಗಳ ಉದ್ದದಲ್ಲೇ ಅದಕ್ಕಿಂತ ಹೆಚ್ಚು ವ್ಯತ್ಯಾಸವಿರಬಹುದು. ಆದ್ದರಿಂದ ಅನಂತರ ನಿಯಮ ಬದಲಾಗಿ, ಫಲಿತಾಂಶವನ್ನು ಸೆಕೆಂಡಿನ ನೂರನೆಯ ಒಂದಂಶಕ್ಕೇ ನಿಲ್ಲಿಸಲಾಯಿತು. 2016ರ ರಿಯೊ ಒಲಿಂಪಿಕ್ಸ್‌ನ 100 ಮೀಟರ್ ಬಟರ್‌ಫ್ಲೈಯಲ್ಲಿ 51.14 ಸೆಕೆಂಡಿನಲ್ಲಿ ಗುರಿಮುಟ್ಟಿದ ಮೂವರಿಗೂ ಬೆಳ್ಳಿ ದೊರೆಯಿತು.

ಪ್ರಯೋಗಾಲಯದಲ್ಲಿ ಕ್ಯಾಲ್ಕುಲೇಟರ್ ತೋರಿಸಿದ ಅಂಕಿಗಳನ್ನೆಲ್ಲ ಬರೆದುಕೊಳ್ಳುವ ಮುನ್ನ ಮ್ಯೂನಿಕ್‌ನ ಆ 3 ಮಿಲಿಮೀಟರನ್ನು ನೆನೆಯಿರಿ.